ತೈಬಜಾರಿ ಚೀಟಿಯಲ್ಲಿ ಹೆಸರಿಲ್ಲ

ನಮ್ಮ ಭಾಗದ ಸಂತೆಗಳಲ್ಲಿ, ಬಸ್ ನಿಲ್ದಾಣದ ಮುಂದಿನ ತಳ್ಳುಬಂಡಿಗಳ ಸಾಲಿನಲ್ಲಿ ಇಂದಿಗೂ ಸವೆಯದೆ ಉಳಿದಿರುವ ಒಂದು ಶಬ್ದ ತೈಬಜಾರಿ. ಉರ್ದು ಶಾಲೆಯಲ್ಲಿ ಓದಿದವರಿಗೆ ಅದರ ಮೂಲ ಗೊತ್ತು. ಫಾರಸಿಯಲ್ಲಿ ‘ತಹ್’ ಎಂದರೆ ಅಡಿ, ತಳ. ಬಜಾರಿನ ನೆಲದ ಮೇಲೆ ಕುಳಿತು ಮಾರುವವನು ಆ ನೆಲಕ್ಕಾಗಿ ತೆರಬೇಕಾದ ಹಣವೇ ತಹ್‌ಬಜಾರಿ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದ ಕಾಲ ಹೋಯಿತು, ಹೈದರಾಬಾದ್ ಸಂಸ್ಥಾನ ಹೋಯಿತು, 1956ರಲ್ಲಿ ನಾವು ರಾಯಚೂರು ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಬಂದೆವು. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳು ಸೇರಿ ಬೇರೆ ಜಿಲ್ಲೆಯಾಯಿತು. ನಮ್ಮ ಅಜ್ಜಂದಿರು ‘ಬಲ್ದಿಯಾ’ ಎಂದು ಕರೆಯುತ್ತಿದ್ದ ಕಚೇರಿಗೆ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಎಂಬ ಹೆಸರುಗಳು ಬಂದವು. ತೈಬಜಾರಿ ಮಾತ್ರ ಹಾಗೆಯೇ ಉಳಿಯಿತು.

ಆ ಚೀಟಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಅಂಗೈ ಅಗಲದ ಕಾಗದ. ಒಂದು ಸಂಖ್ಯೆ, ಒಂದು ಮೊತ್ತ, ಒಂದು ಮಸುಕು ಮುದ್ರೆ. ಹಣ ಕೊಟ್ಟವನ ಹೆಸರಿಗೆ ಅದರಲ್ಲಿ ಜಾಗವಿಲ್ಲ. ಜಾಗ ಬೇಕಾಗಿಯೂ ಇಲ್ಲ. ಏಕೆಂದರೆ ವಸೂಲಿಯ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಹಾಕುವುದು ನಮ್ಮ ಕಡೆಯ ವಾಡಿಕೆ. ಹರಾಜು ಹಿಡಿದವನಿಗೆ ಬೇಕಾದದ್ದು ಸಂಜೆಯ ಹೊತ್ತಿಗೆ ಚೀಲದಲ್ಲಿ ಕೂಡಿದ ಚಿಲ್ಲರೆ. ಬದನೆಕಾಯಿ ಮಾರುವ ಮುದುಕಿ ಯಾವ ಊರಿನವಳು, ಎಷ್ಟು ವರ್ಷದಿಂದ ಅದೇ ಬೇವಿನ ಗಿಡದ ಕೆಳಗೆ ಕೂರುತ್ತಿದ್ದಾಳೆ ಎಂಬುದು ಅವನ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಒಂದು ಸ್ಥಳೀಯ ಸಂಸ್ಥೆಯು ಸಾವಿರಾರು ಜನರಿಂದ ಪ್ರತಿದಿನ ಹಣ ಪಡೆಯುತ್ತ, ಆ ಸಾವಿರಾರು ಜನರಲ್ಲಿ ಒಬ್ಬರನ್ನೂ ಅರಿಯದೆ ದಶಕಗಳನ್ನು ಕಳೆಯಬಲ್ಲದು. ಕಳೆದಿದೆ ಕೂಡ.

ಕೊರೊನಾ ಕಾಲದಲ್ಲಿ ಸರ್ಕಾರಗಳು ಸಣ್ಣ ವ್ಯಾಪಾರಿಗಳಿಗೆ, ಕಸುಬುದಾರರಿಗೆ ಘೋಷಿಸಿದ ನೆರವನ್ನು ನಾವು ಈ ಚೀಟಿಯ ಕಡೆಯಿಂದ ಓದಬಯಸುತ್ತೇವೆ. ನಾವು ಕಥೆ ಬರೆಯುವ ಮಂದಿ, ಆದೇಶಗಳ ಪಂಡಿತರಲ್ಲ. ಆದರೂ ಸರ್ಕಾರಿ ಘೋಷಣೆಯೂ ಒಂದು ಬರಹವೇ. ಅದರಲ್ಲೂ ಪಾತ್ರಗಳಿರುತ್ತವೆ, ಕೆಲವರಿಗೆ ಮಾತು ಸಿಗುತ್ತದೆ, ಕೆಲವರು ಬಾಗಿಲ ಹೊರಗೇ ನಿಲ್ಲುತ್ತಾರೆ. ಇಷ್ಟು ವರ್ಷಗಳ ನಂತರ ಈ ಬರಹವನ್ನು ತಿರುಗಿ ತೆಗೆಯುವುದಕ್ಕೆ ಕಾರಣವೂ ಇದೆ. ರೋಗ ಹೋಯಿತು. ಆಗ ಮಾಡಿದ ಸಾಲ ನಮ್ಮ ಓಣಿಗಳಲ್ಲಿ ಇನ್ನೂ ಇದೆ.

2020ರ ಮಾರ್ಚ್ 24ರ ರಾತ್ರಿ ದೇಶವನ್ನು ಮುಚ್ಚಲಾಯಿತು. ಮರುದಿನ ಯುಗಾದಿ. ಯುಗಾದಿಯ ಮುನ್ನಾದಿನ ಹೂವಿನವರು, ಬಟ್ಟೆಯವರು, ಬೆಲ್ಲ-ಬೇವು ಮಾರುವವರು ಸಾಲ ತಂದು ಸರಕು ತುಂಬಿಸಿಕೊಂಡಿರುತ್ತಾರೆ. ಒಂದೇ ತಿಂಗಳಿಗೆ ರಮಝಾನ್ ಬಂತು. ಟೈಲರುಗಳಿಗೆ, ಬಳೆ ಮಾರುವ ಮಣಿಯಾರರಿಗೆ, ಶಾವಿಗೆ ಮತ್ತು ಖರ್ಜೂರದ ಬಂಡಿಯವರಿಗೆ ವರ್ಷದ ಅರ್ಧ ದುಡಿಮೆ ಆ ತಿಂಗಳದ್ದು. ಮದುವೆಗಳ ಕಾಲವೂ ಅದೇ. ಮೇ ತಿಂಗಳಲ್ಲಿ ಹುಲಿಗಿಯ ಹುಲಿಗೆಮ್ಮನ ಜಾತ್ರೆ ಬರಬೇಕಿತ್ತು. ಕೊಪ್ಪಳ ತಾಲೂಕಿನ ಆ ಒಂದು ಜಾತ್ರೆಯನ್ನು ನಂಬಿಕೊಂಡು ತೆಂಗಿನಕಾಯಿ, ಕುಂಕುಮ, ಬೆಂಡು ಬೆತ್ತಾಸು, ಮಕ್ಕಳ ಆಟಿಕೆ ಮಾರುವವರು ಮಳೆಗಾಲವನ್ನು ದಾಟುತ್ತಾರೆ. ಗುಡಿಯ ಬಾಗಿಲು ಮುಚ್ಚಿತು, ಸಾಲಾಗಿದ್ದ ಅಂಗಡಿಗಳೂ ಮುಚ್ಚಿದವು.

ಇಲ್ಲಿ ಒಂದು ಸಂಗತಿಯನ್ನು ನೆನಪಿಸಬೇಕು. ಆ ಏಪ್ರಿಲ್ ತಿಂಗಳಿಡೀ ಕೊಪ್ಪಳ ಜಿಲ್ಲೆಯಲ್ಲಿ ಒಬ್ಬ ರೋಗಿಯೂ ಇರಲಿಲ್ಲ. ನಮ್ಮದು ಹಸಿರು ವಲಯ. ಮೊದಲ ಪ್ರಕರಣಗಳು ಕಂಡದ್ದು ಮೇ ಮಧ್ಯದ ಹೊತ್ತಿಗೆ, ದೂರದ ಊರುಗಳಿಂದ ಜನ ಮರಳಿದ ಮೇಲೆ. ಮುಚ್ಚಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಮುಂದಿನ ವರ್ಷ ಇದೇ ಜಿಲ್ಲೆಯಲ್ಲಿ ಆಮ್ಲಜನಕಕ್ಕಾಗಿ ಜನ ಅಲೆದದ್ದನ್ನು ನೋಡಿದವರು ಹಾಗೆ ಹೇಳಲಾರರು. ಆದರೆ ರೋಗವೇ ಇಲ್ಲದ ಊರಿನ ಮಿರ್ಚಿ ಬಂಡಿಯವನು ಬೆಂಗಳೂರು, ಮುಂಬಯಿಗಳ ಸುರಕ್ಷತೆಗಾಗಿಯೂ ತನ್ನ ಒಲೆ ಆರಿಸಿದ ಎಂಬುದು ಲೆಕ್ಕಕ್ಕೆ ಬರಬೇಕು. ಅವನಿಗೆ ಕೊಟ್ಟದ್ದನ್ನು ಆಗಲೂ ಈಗಲೂ ‘ಪರಿಹಾರ’, ‘ಪ್ಯಾಕೇಜ್’ ಎಂದು ಕರೆಯುತ್ತಾರೆ. ನಮ್ಮ ಮಟ್ಟಿಗೆ ಅದು ಬಾಕಿ. ಊರಿನ ಒಳಿತಿಗಾಗಿ ಒಬ್ಬನ ಹೊಲದಲ್ಲಿ ಕಾಲುವೆ ತೋಡಿದರೆ ಅವನಿಗೆ ಕೊಡುವ ಹಣವನ್ನು ಯಾರೂ ದಾನವೆಂದು ಕರೆಯುವುದಿಲ್ಲ. ತುಂಗಭದ್ರಾ ಎಡದಂಡೆಯ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮೊದಲ ದೊಡ್ಡ ಘೋಷಣೆ ಬಂದದ್ದು 2020ರ ಮೇ 6ರಂದು. ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ನೆರವು ಪ್ರಕಟಿಸಿದರು. ಸುಮಾರು 60,000 ಅಗಸರು, 2,30,000 ಕ್ಷೌರಿಕರು ಮತ್ತು 7,75,000 ಆಟೋ, ಟ್ಯಾಕ್ಸಿ ಚಾಲಕರಿಗೆ ಒಂದು ಸಲಕ್ಕೆ ತಲಾ 5,000 ರೂಪಾಯಿ. ಕೈಮಗ್ಗದ ನೇಕಾರರಿಗೆ 2,000. ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000. ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟ 2,000ದ ಮೇಲೆ ಇನ್ನೂ 3,000. ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ ನಿಗದಿತ ಶುಲ್ಕ ಮನ್ನಾ.

ಅಗಸರನ್ನೂ ಕ್ಷೌರಿಕರನ್ನೂ ಕಸುಬಿನ ಹೆಸರು ಹಿಡಿದು ಮೊದಲ ಸಾಲಿನಲ್ಲಿ ಕರೆದದ್ದು ಸಣ್ಣ ಮಾತಲ್ಲ. ಅದಕ್ಕಾಗಿ ಆ ಘೋಷಣೆಯನ್ನು ಮೆಚ್ಚಬೇಕು. ಆದರೆ ಪಟ್ಟಿ ಅಲ್ಲಿಗೇ ಮುಗಿಯಿತು. ಟೈಲರ್ ಇಲ್ಲ. ಹಮಾಲರಿಲ್ಲ. ಪಂಕ್ಚರ್ ಹಾಕುವವನಿಲ್ಲ. ಅರಳೆ ಬಡಿದು ಗಾದಿ ಹಾಕುವ ಪಿಂಜಾರನಿಲ್ಲ, ಪಾತ್ರೆಗೆ ಕಲಾಯಿ ಹಾಕುವವನಿಲ್ಲ, ಗುಜರಿಯವನಿಲ್ಲ. ಕಿನ್ನಾಳದ ಚಿತ್ರಗಾರರಿಲ್ಲ, ಅವರ ಬಣ್ಣದ ಗೊಂಬೆಗಳಿಗೆ ಭೌಗೋಳಿಕ ಗುರುತು ಕೊಟ್ಟ ಸರ್ಕಾರಕ್ಕೆ ಗೊಂಬೆ ಮಾಡುವ ಕೈ ಆ ದಿನ ನೆನಪಾಗಲಿಲ್ಲ. ಭಾಗ್ಯನಗರದಲ್ಲಿ ಕೂದಲು ಬಿಡಿಸುವ ಕೆಲಸದಿಂದ ಮನೆ ನಡೆಸುವ ಹೆಣ್ಣುಮಕ್ಕಳು ಯಾವ ಕಸುಬಿನ ಹೆಸರಿಗೂ ಸೇರುವುದಿಲ್ಲ. ಅವರು ಕಾರ್ಮಿಕರೋ ವ್ಯಾಪಾರಿಗಳೋ ಎಂದು ಕೇಳಿದರೆ ಅವರಿಗೇ ಗೊತ್ತಿಲ್ಲ. ದೋಟಿಹಾಳ, ಹನುಮಸಾಗರದ ಕಡೆ ಇಳಕಲ್ ಸೀರೆ ನೇಯುವವನಿಗೆ 2,000 ಬಂತೆಂದರೂ, ಅವನ ನೂಲಿಗೆ ಬಣ್ಣ ಹಾಕುವವನು, ಅವನ ಸೀರೆಯನ್ನು ಹೆಗಲ ಮೇಲೆ ಹೊತ್ತು ಊರೂರು ಮಾರುವವನು ಪಟ್ಟಿಯಿಂದ ಹೊರಗೆ.

ವರ್ಷ ಕಳೆಯಿತು. 2021ರ ಏಪ್ರಿಲ್ 27ರಿಂದ ಮತ್ತೆ ಬಾಗಿಲು ಹಾಕಿತು. ಈ ಸಲವೂ ರಮಝಾನ್ ಒಳಗೇ ಕಳೆಯಿತು, ಈದ್ ಮೇ 14ಕ್ಕೆ. ಮೇ 19ರಂದು ಎರಡನೆಯ ಘೋಷಣೆ, 1,250 ಕೋಟಿಯದು. ಈ ಬಾರಿ ಪಟ್ಟಿ ಉದ್ದವಾಗಿತ್ತು. ಟೈಲರ್, ಮೆಕ್ಯಾನಿಕ್, ಹಮಾಲ, ಚಿಂದಿ ಆಯುವವರು, ಮನೆಗೆಲಸದವರು, ಕುಂಬಾರ, ಕಮ್ಮಾರ, ಅಕ್ಕಸಾಲಿಗ ಎಲ್ಲರೂ ಒಳಗೆ ಬಂದರು. ಅಗಸರೂ ಕ್ಷೌರಿಕರೂ ಇದ್ದರು. ಎಲ್ಲರೂ ಸೇರಿ 3,04,000 ಜನ, ತಲಾ 2,000 ರೂಪಾಯಿ. ಆಟೋ, ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್ ಚಾಲಕರು 2,10,000 ಜನ, ತಲಾ 3,000. ಬೀದಿ ವ್ಯಾಪಾರಿಗಳು 2,20,000 ಜನ, ತಲಾ 2,000.

ಈ ಎರಡು ಘೋಷಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರು ಕಡಿಮೆ. ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಮೊದಲ ವರ್ಷ ಬರೀ ಅಗಸರೂ ಕ್ಷೌರಿಕರೂ ಸೇರಿ 2,90,000 ಇದ್ದರು. ಎರಡನೆಯ ವರ್ಷ ಅವರ ಜೊತೆಗೆ ಇಡೀ ರಾಜ್ಯದ ಟೈಲರುಗಳು, ಮೆಕ್ಯಾನಿಕ್ಕುಗಳು, ಹಮಾಲರು, ಮನೆಗೆಲಸದ ಹೆಂಗಸರು, ಕುಂಬಾರರು, ಕಮ್ಮಾರರನ್ನು ಸೇರಿಸಿದ ಮೇಲೆ ಸಂಖ್ಯೆ ಏರಿದ್ದು ಕೇವಲ 14,000! ಗಂಗಾವತಿಯಿಂದ ಕುಷ್ಟಗಿಯವರೆಗಿನ ಟೈಲರುಗಳನ್ನು, ಅಕ್ಕಿ ಗಿರಣಿಗಳ ಹಮಾಲರನ್ನು ಕೂಡಿಸಿದರೇ ಅದರಲ್ಲಿ ಎಷ್ಟು ಪಾಲು ಖಾಲಿಯಾಗುತ್ತಿತ್ತೋ. ಚಾಲಕರ ಲೆಕ್ಕ ಇನ್ನೂ ವಿಚಿತ್ರ. ಮೊದಲ ವರ್ಷದ 7,75,000 ಮಂದಿ ಎರಡನೆಯ ವರ್ಷಕ್ಕೆ 2,10,000ಕ್ಕೆ ಇಳಿದರು, ಅದೂ ಮ್ಯಾಕ್ಸಿಕ್ಯಾಬಿನವರನ್ನು ಸೇರಿಸಿಕೊಂಡ ಮೇಲೆ. ಮೊದಲ ಮಾತಿನ ಪ್ರಕಾರ ಚಾಲಕರೊಬ್ಬರಿಗೇ 387 ಕೋಟಿ ಬೇಕಿತ್ತು. ಎರಡನೆಯ ಮಾತಿಗೆ 63 ಕೋಟಿ ಸಾಕಾಯಿತು. ಐದೂವರೆ ಲಕ್ಷ ಚಾಲಕರು ಒಂದೇ ವರ್ಷದಲ್ಲಿ ಎಲ್ಲಿ ಹೋದರು? ಎಲ್ಲಿಯೂ ಹೋಗಲಿಲ್ಲ. ಮೊದಲನೆಯದು ಅಂದಾಜಿನ ಸಂಖ್ಯೆ, ಎರಡನೆಯದು ಕಾಗದದಲ್ಲಿ ಸಿಕ್ಕವರ ಸಂಖ್ಯೆ ಎಂದೇ ನಾವು ಓದುತ್ತೇವೆ. ನಡುವಿನ ಅಂತರದಲ್ಲಿ ನಮ್ಮ ಓಣಿಯ ಜನ ಇದ್ದಾರೆ.

ಕಾಗದದಲ್ಲಿ ಸಿಗುವ ದಾರಿಯ ಹೆಸರು ಸೇವಾಸಿಂಧು. ಆನ್‌ಲೈನ್ ಅರ್ಜಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಮತ್ತು ಈ ಮನುಷ್ಯ ಈ ಕಸುಬು ಮಾಡುತ್ತಾನೆ ಎಂದು ಅಧಿಕಾರಿಯೊಬ್ಬರ ಸಹಿ ಇರುವ ಪ್ರಮಾಣಪತ್ರ. ಕೇಳಲು ಸುಲಭವಾಗಿದೆ. ಬಾಗಿಲು ಮುಚ್ಚಿದ ಊರಿನಲ್ಲಿ ಕಂಪ್ಯೂಟರ್ ಅಂಗಡಿಯೂ ಮುಚ್ಚಿರುತ್ತದೆ, ಕಚೇರಿಗೆ ಹೋಗುವ ದಾರಿಯಲ್ಲಿ ಲಾಠಿ ಇರುತ್ತದೆ ಎಂಬುದನ್ನು ಬಿಟ್ಟರೆ.

ಈ ನಾಲ್ಕು ಊರುಗಳಲ್ಲಿ ಒಂದರ ಮಾತು. ಯಾವುದೆಂದು ಹೇಳುವ ಅಗತ್ಯವಿಲ್ಲ. ರಸ್ತೆಯ ಬದಿಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಹಳೆಯ ಬಟ್ಟೆ ಸರಿಮಾಡಿಕೊಡುವ ಹಿರಿಯರೊಬ್ಬರು ಸಹಿಗಾಗಿ ಹೋದರು. ಟೈಲರ್ ಅನ್ನುವುದಕ್ಕೆ ದಾಖಲೆ ಏನಿದೆ ಎಂದು ಅಲ್ಲಿದ್ದವರು ಕೇಳಿದರು. ಅವರಿಗೆ ಅಂಗಡಿ ಇಲ್ಲ, ಲೈಸೆನ್ಸ್ ಇಲ್ಲ, ಬೋರ್ಡ್ ಇಲ್ಲ. ಜುಬ್ಬಾದ ಜೇಬಿನಿಂದ ರಬ್ಬರ್ ಬ್ಯಾಂಡ್ ಹಾಕಿದ ತೈಬಜಾರಿ ಚೀಟಿಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟರು.

“ಇದರಾಗ ನಿಮ್ಮ ಹೆಸರು ಎಲ್ಲೈತ್ರಿ ಚಾಚಾ?”

“ನೀವು ಬರೀಲಿಲ್ಲಲ್ರಿ ಸಾಹೇಬ್ರ. ಬರೀರಿ ಅಂತ ನಾ ಯಾವತ್ತು ಬ್ಯಾಡ ಅಂದೀನಿ?”

ಆ ನೌಕರ ಕೆಟ್ಟವನಲ್ಲ. ನಾಳೆ ಯಾರಾದರೂ ಕೇಳಿದರೆ ತಾನು ಯಾವ ಆಧಾರದ ಮೇಲೆ ಸಹಿ ಹಾಕಿದೆ ಎಂಬ ಅಂಜಿಕೆ ಅವನದು. ಅವನ ಸಂಸ್ಥೆಯೇ ಕೊಟ್ಟ ಚೀಟಿಯನ್ನು ಅವನ ಸಂಸ್ಥೆಯೇ ದಾಖಲೆಯೆಂದು ನಂಬಲಾರದು. ಹಣ ಪಡೆಯುವುದಕ್ಕೆ ಆ ಚೀಟಿ ಸಾಕು, ಕೊಡುವುದಕ್ಕೆ ಸಾಲದು.

ಹೆಸರು ಬರೆದುಕೊಳ್ಳುವುದು ಅಷ್ಟು ಕಷ್ಟದ ಕೆಲಸವೇ ಎಂದರೆ ಅದೂ ಅಲ್ಲ. ಮೊದಲ ಲಾಕ್‌ಡೌನಿನಲ್ಲಿ ಮಾರುಕಟ್ಟೆ ಮುಚ್ಚಿ, ಮನೆಮನೆಗೆ ತರಕಾರಿ ಹೋಗಬೇಕೆಂದಾಗ ರಾಜ್ಯದ ಊರೂರುಗಳಲ್ಲಿ ತಳ್ಳುಬಂಡಿಯವರಿಗೆ ಪಾಸು ಕೊಟ್ಟರು. ಪಾಸಿನಲ್ಲಿ ಹೆಸರಿತ್ತು, ಫೋಟೋ ಇತ್ತು, ವಾರ್ಡ್ ಇತ್ತು. ಊರಿಗೆ ಬಂಡಿಯವನು ಬೇಕಾದಾಗ ಅವನ ಹೆಸರು ಎರಡು ದಿನದಲ್ಲಿ ಸಿಕ್ಕಿತು. ಬಂಡಿಯವನಿಗೆ ಊರು ಬೇಕಾದಾಗ ಸಿಗಲಿಲ್ಲ. ಆ ಪಾಸುಗಳ ಪಟ್ಟಿಯನ್ನೇ ನೆರವಿನ ಪಟ್ಟಿಯ ಮೊದಲ ಪುಟ ಮಾಡಬಹುದಿತ್ತು.

ಹೆಸರಿನ ವಿಷಯ ಬಂದಾಗ ಇನ್ನೊಂದು ಕಹಿಯನ್ನೂ ಹೇಳಬೇಕಾಗುತ್ತದೆ. ಅದೇ 2020ರ ಏಪ್ರಿಲ್‌ನಲ್ಲಿ ದೆಹಲಿಯ ನಿಜಾಮುದ್ದೀನ್‌ನ ಸುದ್ದಿ ಟಿವಿಗಳಲ್ಲಿ ಹರಡಿದ ಮೇಲೆ, ಇಂಥವರಿಂದ ಹಣ್ಣು ಕೊಳ್ಳಬೇಡಿ, ಇಂಥವರನ್ನು ಓಣಿಯೊಳಗೆ ಬಿಡಬೇಡಿ ಎಂಬ ಸಂದೇಶಗಳು ಮೊಬೈಲುಗಳಲ್ಲಿ ಓಡಾಡಿದವು. ಆಗ ಬಂಡಿಯವನ ಹೆಸರನ್ನು ಕೇಳಿದವರು ಇದ್ದರು, ಬೇರೆಯ ಕಾರಣಕ್ಕೆ. ಒಂದು ಸಮುದಾಯವನ್ನು ರೋಗಕ್ಕೆ ಹೊಣೆ ಮಾಡಿದರೆ ಕ್ರಮ ಜರುಗಿಸುತ್ತೇವೆಂದು ಮುಖ್ಯಮಂತ್ರಿಗಳೇ ಎಚ್ಚರಿಸಿದರು. ಆ ಮಾತನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಓಣಿಯ ತಿರುವಿನಲ್ಲಿ ನಿಂತ ಬಂಡಿಯವನಿಗೆ ಆ ಹೊತ್ತಿನಲ್ಲಿ ಬೇಕಿದ್ದದ್ದು ‘ಇವನು ನಮ್ಮ ಪುರಸಭೆಯ ವ್ಯಾಪಾರಿ’ ಎನ್ನುವ ಒಂದು ಗುರುತಿನ ಚೀಟಿ.

ಅಂಥ ಚೀಟಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಬೀದಿ ವ್ಯಾಪಾರಿಗಳ ಕಾಯ್ದೆ ಬಂದದ್ದು 2014ರಲ್ಲಿ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ, ಪ್ರತಿಯೊಬ್ಬರಿಗೂ ವ್ಯಾಪಾರದ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ, ಅವರೊಳಗೇ ಚುನಾವಣೆಯಾಗಿ ಬಂದವರು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಇಷ್ಟು ಒಳ್ಳೆಯ ಕಾನೂನು ಬಡವರ ಪಾಲಿಗೆ ಅಪರೂಪಕ್ಕೆ ಬರುತ್ತದೆ. 2020ರ ಜೂನ್ 1ರಂದು ಕೇಂದ್ರ ಸರ್ಕಾರ ಪಿಎಂ ಸ್ವನಿಧಿ ಯೋಜನೆ ತಂದಾಗ, ಸಮೀಕ್ಷೆಯಲ್ಲಿ ಬಿಟ್ಟುಹೋದವರಿಗಾಗಿ ‘ಶಿಫಾರಸು ಪತ್ರ’ ಎಂಬ ಹೊಸ ಕಾಗದವನ್ನು ಸೃಷ್ಟಿಸಬೇಕಾಯಿತು. ಆರು ವರ್ಷದ ಸಮೀಕ್ಷೆಯ ಕಥೆ ಏನೆಂದು ಆ ಒಂದು ಕಾಗದವೇ ಹೇಳುತ್ತದೆ.

ಸ್ವನಿಧಿಯ ಬಗ್ಗೆ ನಮ್ಮಲ್ಲಿ ಎರಡು ಮನಸ್ಸಿದೆ. 10,000 ರೂಪಾಯಿ, ಜಾಮೀನಿಲ್ಲದೆ, ಬಡ್ಡಿಯಲ್ಲಿ ಶೇಕಡಾ 7ರ ಸಹಾಯಧನ, ಒಂದು ವರ್ಷದೊಳಗೆ ಕಂತಿನಲ್ಲಿ ತೀರಿಸಬೇಕು. ತೀರಿಸಿದವರಿಗೆ ಮುಂದೆ 20,000, ಆಮೇಲೆ 50,000. ಬೆಳಿಗ್ಗೆ ಒಂಬತ್ತು ನೂರು ಕೊಟ್ಟು ಸಂಜೆ ಸಾವಿರ ಕೇಳುವ ಮೀಟರ್ ಬಡ್ಡಿಯವರ ಕೈಯಲ್ಲಿ ಸಿಕ್ಕಿದ್ದವನಿಗೆ ಇದು ಉಸಿರು. ಅಲ್ಲದೆ ಸರ್ಕಾರದ ಮೂರೂ ಕ್ರಮಗಳಲ್ಲಿ ಇದೊಂದೇ ನಗರಸಭೆಯ ಕೈಯಲ್ಲಿ ಪೆನ್ನು ಕೊಟ್ಟು ವ್ಯಾಪಾರಿಯ ಹೆಸರು ಬರೆಯಿಸಿತು. ರಾಜ್ಯದಲ್ಲಿ 2018ರಲ್ಲಿ ಬಂದ ಬಡವರ ಬಂಧು ಯೋಜನೆಯೂ ಸಹಕಾರಿ ಬ್ಯಾಂಕಿನ ಮೂಲಕ ಬಡ್ಡಿಯಿಲ್ಲದೆ 10,000ದವರೆಗೆ ಕೊಡುವುದಾಗಿತ್ತು. ಬಡ್ಡಿಯನ್ನು ಒಲ್ಲದ ನಮ್ಮ ಜನಕ್ಕೆ ಅದು ಇನ್ನೂ ಹತ್ತಿರದ್ದು. ಅದನ್ನು ದೊಡ್ಡದು ಮಾಡುವ ಬದಲು ಎಲ್ಲರೂ ಹೊಸದರ ಹಿಂದೆ ಓಡಿದರು.

ಇನ್ನೊಂದು ಮನಸ್ಸು ಹೇಳುವುದು ಬೇರೆ. ಮುಚ್ಚಿಸಿದವರು ಸರ್ಕಾರ, ಮತ್ತೆ ತೆರೆಯಲು ಸಾಲ ಮಾಡಬೇಕಾದವನು ವ್ಯಾಪಾರಿ. ಎರಡು ತಿಂಗಳು ಕೂತು ತಿಂದ ಬಂಡವಾಳವನ್ನು ಸಾಲದಿಂದ ತುಂಬಿಸಿದರೆ ಮುಂದಿನ ವರ್ಷದ ಲಾಭ ಹಿಂದಿನ ವರ್ಷದ ಹೊಟ್ಟೆಗೆ ಹೋಗುತ್ತದೆ. ಅಷ್ಟರಲ್ಲಿ ಎರಡನೆಯ ಲಾಕ್‌ಡೌನ್ ಬಂತು. 2021ರ ಮೇ ಘೋಷಣೆಯಲ್ಲಿ ಬೀದಿ ವ್ಯಾಪಾರಿಗಳಿಗೆ ಕೊಟ್ಟ 2,000 ರೂಪಾಯಿ ಕೂಡ ಈ ಆತ್ಮನಿರ್ಭರ ನಿಧಿಯಲ್ಲಿ ನೋಂದಣಿಯಾದವರಿಗೆ ಮಾತ್ರ. ಸಾಲದ ಪಟ್ಟಿಯೇ ಸಹಾಯದ ಪಟ್ಟಿಯಾಯಿತು. ಬ್ಯಾಂಕಿನ ಬಾಗಿಲಿಗೆ ಹೋಗಲು ಅಂಜಿದವಳು, ‘ಇರೋದ್ರಾಗ ಮಾಡ್ಕೊಂಡ್ ಹೋಗೋಣು, ಸಾಲ ಬ್ಯಾಡ’ ಎಂದು ಸುಮ್ಮನಿದ್ದವಳು ತನ್ನ ಸಂಯಮಕ್ಕೆ ದಂಡ ತೆತ್ತಳು.

ಇದಕ್ಕಿಂತ ದೊಡ್ಡ ಬಿರುಕು ಊರು ಮತ್ತು ಹಳ್ಳಿಯ ನಡುವೆ. ಸ್ವನಿಧಿ ಪಟ್ಟಣಗಳಿಗೆ ಮಾತ್ರ. ಸುತ್ತಲ ಹಳ್ಳಿಯಿಂದ ಬಂದು ಪಟ್ಟಣದ ಒಳಗೆ ಮಾರುವವರನ್ನು ಅದು ಸೇರಿಸಿಕೊಂಡಿತು, ನಿಜ. ಆದರೆ ನಮ್ಮ ಜಿಲ್ಲೆಯ ವ್ಯಾಪಾರದ ಜೀವ ಪಟ್ಟಣದಲ್ಲಷ್ಟೇ ಇಲ್ಲ, ಸಂತೆಯಲ್ಲಿದೆ, ಜಾತ್ರೆ ಉರುಸುಗಳಲ್ಲಿದೆ. ಬಳೆಯ ಗಂಟು, ಬಟ್ಟೆಯ ಗಂಟು, ಮಸಾಲೆಯ ಡಬ್ಬಿ ಹೊತ್ತವರು ಇಂದು ಒಂದು ಊರು, ನಾಳೆ ಇನ್ನೊಂದು ಊರು, ವಾರಕ್ಕೆ ಐದಾರು ಸಂತೆ ಸುತ್ತುತ್ತಾರೆ. ಒಂದು ದಿನ ಯಲಬುರ್ಗಾದಲ್ಲಿ ಕಂಡವರು ಇನ್ನೊಂದು ದಿನ ಕುಷ್ಟಗಿಯಲ್ಲಿ, ಮತ್ತೊಂದು ದಿನ ಯಾವುದೋ ಹಳ್ಳಿಯ ಹನುಮಪ್ಪನ ಗುಡಿಯ ಮುಂದೆ. ಎಲ್ಲ ಕಡೆ ತೈಬಜಾರಿ ಕೊಡುತ್ತಾರೆ, ಯಾವ ಕಡೆಯೂ ಅವರು ‘ನಮ್ಮವರು’ ಅಲ್ಲ. ಹುಲಿಗಿ ಗ್ರಾಮ ಪಂಚಾಯಿತಿ. ಆನೆಗೊಂದಿ ಗ್ರಾಮ ಪಂಚಾಯಿತಿ. ಅಂಜನಾದ್ರಿ ಬೆಟ್ಟದ ಬುಡದಲ್ಲಿ ಎಳನೀರು, ಕಬ್ಬಿನ ಹಾಲು ಮಾರುವವರಿಗೆ ಯಾವ ನಗರಸಭೆಯ ಶಿಫಾರಸು ಪತ್ರ? ಅಲ್ಲೇ ವಿರೂಪಾಪುರ ಗಡ್ಡೆಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರ ಮಾರ್ಚ್ ಮೊದಲ ವಾರದಲ್ಲಿ ರೆಸಾರ್ಟುಗಳನ್ನು ಕೆಡವಿದ್ದರು. ತೀರ್ಪಿನ ಸರಿತಪ್ಪು ಬೇರೆ. ಆದರೆ ಆ ರೆಸಾರ್ಟುಗಳ ಅಡಿಗೆಮನೆ, ಬಾಡಿಗೆ ಸೈಕಲ್ಲು, ತೆಪ್ಪಗಳನ್ನು ನಂಬಿದ್ದ ಬಡವರಿಗೆ ಮೂರು ವಾರದ ಅಂತರದಲ್ಲಿ ಎರಡು ಬಾಗಿಲು ಮುಚ್ಚಿದವು.

ಕೇಳೋಣವೆಂದರೆ ಕೇಳುವುದಾದರೂ ಯಾರನ್ನು? 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳ ಜೊತೆ ನಮ್ಮ ಊರುಗಳಲ್ಲೂ ಮತದಾನವಾಗಿತ್ತು. ಸದಸ್ಯರು ಗೆದ್ದರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಹೈಕೋರ್ಟ್ ಮೆಟ್ಟಿಲೇರಿ, 2020ರ ಕೊನೆಯ ತಿಂಗಳುಗಳವರೆಗೆ ಕುರ್ಚಿ ಖಾಲಿಯೇ ಇತ್ತು. ಆಡಳಿತಾಧಿಕಾರಿಗಳ ಆಳ್ವಿಕೆ. ಗ್ರಾಮ ಪಂಚಾಯಿತಿಗಳ ಅವಧಿಯೂ ಅದೇ ವರ್ಷ ಮುಗಿದು, ಡಿಸೆಂಬರಿನ ಚುನಾವಣೆಯವರೆಗೆ ಅಲ್ಲೂ ಆಡಳಿತಾಧಿಕಾರಿಗಳೇ. ನೂರು ವರ್ಷಕ್ಕೊಮ್ಮೆ ಬರುವ ಸಂಕಟ ಬಂದಾಗ ಸ್ಥಳೀಯ ಸರ್ಕಾರ ಎನ್ನುವುದು ಸ್ಥಳದಲ್ಲಿ ಇರಲಿಲ್ಲ. ಸರ್ಕಾರದ ನೌಕರರಿದ್ದರು, ಹಲವರು ಜೀವ ಒತ್ತೆಯಿಟ್ಟು ದುಡಿದರು. ಅದು ಬೇರೆ ಮಾತು. ವಾರ್ಡಿನ ಸದಸ್ಯನಿಗೆ ತನ್ನ ಓಣಿಯಲ್ಲಿ ಯಾರ ಒಲೆ ಹೊತ್ತಿಲ್ಲ ಎಂಬುದು ಗೊತ್ತಿರುತ್ತದೆ. ಅವನಿಗೆ ಅಧಿಕಾರವಿರಲಿಲ್ಲ. ಅಧಿಕಾರವಿದ್ದವರಿಗೆ ಓಣಿ ಗೊತ್ತಿರಲಿಲ್ಲ.

ಹೊರಗಿನ ಒಂದೆರಡು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರಬಹುದು. ಇಂಗ್ಲೆಂಡಿನಲ್ಲಿ 2020ರ ಮಾರ್ಚ್‌ನಲ್ಲಿ ಸಣ್ಣ ಅಂಗಡಿಗಳಿಗೆ 10,000 ಪೌಂಡ್ ಘೋಷಿಸಿದರು, ಆಗಿನ ಲೆಕ್ಕದಲ್ಲಿ 9 ಲಕ್ಷ ರೂಪಾಯಿಗೂ ಮೇಲೆ. ಮೊತ್ತ ನೋಡಿ ಬೆರಗಾಗುವುದು ಬೇಡ. ಅವರ ಬೆಲೆ, ಅವರ ಸಂಪತ್ತು ಬೇರೆ. ನೋಡಬೇಕಾದದ್ದು ದಾರಿಯನ್ನು. ಆ ಹಣ ಹಂಚಿದ್ದು ಅಲ್ಲಿನ ನಗರಸಭೆಗಳು, ಅಂಗಡಿ ತೆರಿಗೆಯ ಪುಸ್ತಕ ಹಿಡಿದು. ತೆರಿಗೆ ಎತ್ತುವ ಪುಸ್ತಕದಲ್ಲಿ ಹೆಸರಿದ್ದುದರಿಂದ ಅದೇ ಪುಸ್ತಕದಿಂದ ಹಣ ಮರಳಿಸಲು ಸಾಧ್ಯವಾಯಿತು. ಹಾಗೆಂದು ಅಲ್ಲಿಯೂ ಎಲ್ಲ ಸುಖವಾಗಿರಲಿಲ್ಲ. ತೆರಿಗೆ ಪುಸ್ತಕದಲ್ಲಿ ಹೆಸರಿಲ್ಲದ ಸಂತೆ ವ್ಯಾಪಾರಿಗಳು ಅಲ್ಲಿಯೂ ಮೊದಲು ಹೊರಗುಳಿದರು. ಗದ್ದಲವಾದ ಮೇಲೆ ಮೇ ತಿಂಗಳಲ್ಲಿ, ಬಿಟ್ಟುಹೋದವರಿಗೆ ತಮ್ಮ ವಿವೇಚನೆಯಂತೆ ಕೊಡಲು ನಗರಸಭೆಗಳಿಗೆ ಬೇರೆ ನಿಧಿ ಬಂತು; ಸಂತೆ ವ್ಯಾಪಾರಿಗಳ ಹೆಸರು ಅದರಲ್ಲಿ ಮುಂದೆಯೇ ಇತ್ತು. ಅಷ್ಟು ದೂರವೇಕೆ, ಪಕ್ಕದ ಕೇರಳದಲ್ಲಿ 2020ರ ಮಾರ್ಚ್‌ನಲ್ಲೇ 2,000 ಕೋಟಿ ರೂಪಾಯಿ ಸಾಲವನ್ನು ಕುಟುಂಬಶ್ರೀ ಮಹಿಳಾ ಗುಂಪುಗಳ ಮೂಲಕ ಕೊಡುವುದೆಂದಾಯಿತು. ಅದೂ ಸಾಲವೇ. ಆದರೆ ಆ ಗುಂಪುಗಳು ಪಂಚಾಯಿತಿಗೆ ಅಂಟಿಕೊಂಡು ಬೆಳೆದವು, ಯಾರ ಮನೆಯಲ್ಲಿ ಏನು ಕಸುಬು ಎಂದು ಯಾರೂ ಪ್ರಮಾಣಪತ್ರ ಕೇಳಬೇಕಾಗಲಿಲ್ಲ.

ನಮ್ಮ ಎರಡು ಘೋಷಣೆಗಳಲ್ಲಿ ಕಸುಬುದಾರರ ವಿಷಯಕ್ಕೆ ಸ್ಥಳೀಯ ಸಂಸ್ಥೆಯ ಪಾಲಿಗೆ ಬಂದದ್ದು ಸಹಿ ಹಾಕುವ ಕೆಲಸ. ಪಟ್ಟಿ ಬೆಂಗಳೂರಿನದು, ಮೊತ್ತ ಬೆಂಗಳೂರಿನದು, ಅರ್ಜಿಯ ನಮೂನೆ ಬೆಂಗಳೂರಿನದು. ಪಿಂಜಾರರು, ಚಿತ್ರಗಾರರು ನಮ್ಮೂರಲ್ಲಿ ಇದ್ದಾರೆ, ಅವರನ್ನೂ ಸೇರಿಸಿಕೊಳ್ಳುತ್ತೇವೆ ಎಂದು ಹೇಳುವ ಬಾಯಿ ಕೊಪ್ಪಳಕ್ಕಾಗಲಿ ಗಂಗಾವತಿಗಾಗಲಿ ಇರಲಿಲ್ಲ.

ಸರ್ಕಾರವನ್ನೇ ಬೈದು ಮುಗಿಸುವುದು ಸುಲಭ. ಸಮಾಜ ಏನು ಮಾಡಿತು ಎಂಬುದನ್ನೂ ನೋಡಬೇಕು. ಬಹಳ ಮಾಡಿತು. 2021ರ ಮೇ ತಿಂಗಳಲ್ಲಿ ಕೊಪ್ಪಳದ ಗವಿಮಠ ನೂರು ಹಾಸಿಗೆಯ ಕೋವಿಡ್ ಆಸ್ಪತ್ರೆ ಮಾಡಿತು. ನಮ್ಮ ಜಮಾತುಗಳು, ಯುವಕರ ತಂಡಗಳು ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಹಂಚಿದವು, ಶವಗಳಿಗೆ ಹೆಗಲು ಕೊಟ್ಟವು. ಜಾತಿ ಕೇಳದೆ ಕೊಟ್ಟವು ಎಂಬುದನ್ನೂ ಹೇಳಬೇಕು. ಆದರೆ ಕಿಟ್ ಹದಿನೈದು ದಿನದ ಹೊಟ್ಟೆಗೆ. ಹದಿನಾರನೆಯ ದಿನ ಬಂಡಿಗೆ ಹಣ್ಣು ತುಂಬಿಸಲು ಬೇಕಾದ ಮೂರು ಸಾವಿರ ಎಲ್ಲಿಂದ ಬರಬೇಕು? ಝಕಾತ್‌ನ ಎಂಟು ಹಕ್ಕುದಾರರಲ್ಲಿ ‘ಗಾರಿಮೀನ್’, ಅಂದರೆ ಸಾಲದಲ್ಲಿ ಮುಳುಗಿದವರು, ಸ್ಪಷ್ಟವಾಗಿ ಇದ್ದಾರೆ. ಪ್ರವಚನಗಳಲ್ಲಿ ಆ ಶಬ್ದ ಬಂದುಹೋಗುತ್ತದೆ, ಹಂಚುವಾಗ ನೆನಪಿರುವುದಿಲ್ಲ. ಆ ಎರಡು ರಮಝಾನ್‌ಗಳ ಝಕಾತನ್ನು ಒಂದು ಊರಿನವರಾದರೂ ಒಟ್ಟುಗೂಡಿಸಿ ಐವತ್ತು ಹೊಲಿಗೆ ಯಂತ್ರದವರ, ಐವತ್ತು ಬಂಡಿಯವರ ಕೈಬಂಡವಾಳ ಮರಳಿಸಿದ್ದರೆ ಅದು ಸಾವಿರ ಕಿಟ್‌ಗಿಂತ ಹೆಚ್ಚು ದಿನ ಬಾಳುತ್ತಿತ್ತು. ಕಿಟ್‌ನ ಜೊತೆ ಫೋಟೋ ತೆಗೆಯಬಹುದು, ತೀರಿದ ಸಾಲದ ಜೊತೆ ತೆಗೆಯಲು ಬರುವುದಿಲ್ಲ ಎಂಬುದೂ ಒಂದು ಕಾರಣವಿರಬಹುದು.

2021ರ ಜೂನ್‌ನ ಇನ್ನೊಂದು ಘೋಷಣೆಯಲ್ಲಿ ವಿದ್ಯುತ್ ಮಗ್ಗದ ನೇಕಾರರಿಗೆ, ಮುಜರಾಯಿ ದೇವಸ್ಥಾನಗಳ ಅರ್ಚಕರಿಗೆ ಕೊಟ್ಟಂತೆ ಮಸೀದಿಯ ಇಮಾಮರಿಗೂ ಮೌಜನ್‌ಗಳಿಗೂ ತಲಾ 3,000 ರೂಪಾಯಿ ಸಿಕ್ಕಿತು. ಅವರು ಬಡವರು, ಸಿಗಬೇಕಾದದ್ದೇ. ನಮ್ಮ ಮುಖಂಡರು ಹಾರ ಹಾಕಿ ಧನ್ಯವಾದ ಹೇಳಿದರು. ಅದೇ ಮಸೀದಿಯ ಕೊನೆಯ ಸಾಲಿನಲ್ಲಿ ನಿಂತ ಗಾದಿ ಹಾಕುವವನ ಹೆಸರು ಮೂರು ಘೋಷಣೆಗಳಲ್ಲೂ ಇಲ್ಲವಲ್ಲ ಎಂದು ಕೇಳಿದವರನ್ನು ನಾವು ಕಾಣಲಿಲ್ಲ. ನಮ್ಮ ನಾಯಕತ್ವಕ್ಕೆ ಸಮುದಾಯ ಕಾಣುತ್ತದೆ, ಕಸುಬು ಕಾಣುವುದಿಲ್ಲ. ಕಸುಬು ಎಂದರೆ ನದಾಫ, ಕುಂಬಾರ, ಚಿತ್ರಗಾರ ಒಂದೇ ಬೆಂಚಿನಲ್ಲಿ ಕೂರಬೇಕಾಗುತ್ತದೆ.

ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಬಡ್ಡಿ ಮಾತ್ರ ಮುಂದೂಡಲಿಲ್ಲ, ಅದು ಕೂಡುತ್ತಲೇ ಹೋಯಿತು. ಆಮೇಲೆ ನಮ್ಮ ಓಣಿಗಳಿಗೆ ಬಂದದ್ದು ಮೈಕ್ರೋ ಫೈನಾನ್ಸಿನ ಮೋಟಾರ್ ಸೈಕಲ್ಲುಗಳು. ಒಂದರ ಕಂತಿಗೆ ಇನ್ನೊಂದರ ಸಾಲ, ಅದರ ಕಂತಿಗೆ ಮತ್ತೊಂದು. 2025ರ ಫೆಬ್ರವರಿಯಲ್ಲಿ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 10 ವರ್ಷದವರೆಗೆ ಜೈಲು ಶಿಕ್ಷೆಯ ಸುಗ್ರೀವಾಜ್ಞೆ ತರಬೇಕಾಯಿತು. ಆ ಕಾನೂನಿನ ಹಿಂದೆ ಎಷ್ಟು ಮನೆಗಳ ಕಣ್ಣೀರಿದೆಯೋ. ಅದರಲ್ಲಿ ಒಂದು ಪಾಲಾದರೂ 2020 ಮತ್ತು 2021ರ ಆ ಮುಚ್ಚಿದ ತಿಂಗಳುಗಳಿಗೆ ಸೇರಿದ್ದು ಎಂದೇ ನಮ್ಮ ನಂಬಿಕೆ.

2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಸ್ವನಿಧಿಯನ್ನು 2030ರ ಮಾರ್ಚ್ 31ರವರೆಗೆ ಮುಂದುವರಿಸಲು ಒಪ್ಪಿತು. ಮೊದಲ ಸಾಲ 15,000ಕ್ಕೆ, ಎರಡನೆಯದು 25,000ಕ್ಕೆ ಏರಿತು. ಪಟ್ಟಣದ ಅಂಚಿನ ಊರುಗಳಿಗೂ ಹಂತಹಂತವಾಗಿ ವಿಸ್ತರಿಸುವುದಾಗಿ ಅದರಲ್ಲಿ ಹೇಳಿದೆ. ಆ ಹಂತದಲ್ಲಿ ಹುಲಿಗಿ, ಆನೆಗೊಂದಿಗಳು ಬರುತ್ತವೆಯೇ ಎಂದು ನಮ್ಮ ಶಾಸಕರು, ಸಂಸದರು ಕೇಳಬೇಕು. ಪಟ್ಟಣ ವ್ಯಾಪಾರ ಸಮಿತಿ ನಮ್ಮೂರಲ್ಲಿ ಕೊನೆಯ ಸಲ ಯಾವಾಗ ಸೇರಿತು, ಅದರಲ್ಲಿರುವ ಶೇಕಡಾ 40 ವ್ಯಾಪಾರಿಗಳು ಯಾರು ಯಾರು ಎಂದು ವ್ಯಾಪಾರಿಗಳೇ ನಗರಸಭೆಯಲ್ಲಿ ಕೇಳಬಹುದು; ಕೇಳುವ ಹಕ್ಕು 2014ರಿಂದಲೂ ಇದೆ. ತೈಬಜಾರಿ ಹರಾಜಿನ ಷರತ್ತುಗಳಲ್ಲಿ, ದಿನನಿತ್ಯ ಕೂರುವವರಿಗೆ ಹೆಸರು ಬರೆದ ಪುಸ್ತಕವನ್ನೇ ಕೊಡಬೇಕು, ಅದರ ಪ್ರತಿಯನ್ನು ಕಚೇರಿಗೆ ಒಪ್ಪಿಸಬೇಕು ಎಂಬ ಒಂದು ಸಾಲು ಸೇರಿಸಲು ಬೆಂಗಳೂರಿನ ಅಪ್ಪಣೆ ಬೇಕಿಲ್ಲ, ಸಭೆಯ ಒಂದು ಠರಾವು ಸಾಕು.